ಕುರುಡುಮಲೆಗೆ ಗಾಳಿಯಲ್ಲಿ ಬಂದ ಇಂಟರ್ನೆಟ್

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)

ನಾನು 2004ರಲ್ಲಿ ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಮುಳಬಾಗಿಲಿನಲ್ಲಿ ಪಿಯುಸಿ, ಬೆಂಗಳೂರಿನಲ್ಲಿ ಬಿಇ, ಅಲ್ಲೇ ಸಾಫ್ಟ್‌ವೇರ್ ಕೆಲಸ. ಸಮಿತಿಯವರು ಫೋನ್ ಮಾಡಿ "ನಿನ್ನ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದರು. ಸಾಧನೆ ಅಂತ ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಇಲ್ಲ. ಊರಿನಲ್ಲಿ ಒಂದು ಸಣ್ಣ ಇಂಟರ್ನೆಟ್ ವ್ಯವಹಾರ ನಡೆಸಿದ್ದೇನೆ, ಈಗಲೂ ನಡೆಸುತ್ತಿದ್ದೇನೆ. ಅದರಲ್ಲಿ ಲಾಭ ಆಗಿಲ್ಲ. ಆದರೆ ನಾಲ್ಕು ಮಾತು ಹೇಳುವಷ್ಟು ಅನುಭವ ಆಗಿದೆ. ಅದನ್ನೇ ಹೇಳುತ್ತೇನೆ ಅಂದೆ, ಒಪ್ಪಿದರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಮ್ಮ ಕಂಪನಿಯವರು ಲ್ಯಾಪ್‌ಟಾಪ್ ತೆಗೆದುಕೊಂಡು ಮನೆಗೆ ಹೋಗಿ ಅಂದರು. ನಾನು ಊರಿಗೆ ಬಂದೆ. ಬಂದ ಎರಡನೇ ದಿನಕ್ಕೇ ಗೊತ್ತಾಯಿತು, ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗ ಒಂದೇ, ಮಿದ್ದೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ. ಏಪ್ರಿಲ್ ಬಿಸಿಲಿನಲ್ಲಿ ತಲೆಗೆ ಟವಲ್ ಹಾಕಿಕೊಂಡು ಅಲ್ಲಿ ಕೂತು ಮೀಟಿಂಗ್ ಮಾಡುತ್ತಿದ್ದೆ. ನಮ್ಮಮ್ಮ ಹಪ್ಪಳ ಒಣಗಿಸಲು ಜಾಗ ಕೇಳುತ್ತಿದ್ದರು.

ನನ್ನ ಕಷ್ಟ ಹೇಗೋ ಕಳೆಯುತ್ತಿತ್ತು. ಆದರೆ ಆ ವರ್ಷ ಶಾಲೆ ತೆರೆಯಲಿಲ್ಲ ಎಂಬುದು ನಿಮಗೆಲ್ಲ ನೆನಪಿದೆ. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಬಂತು, ಮೇಷ್ಟ್ರುಗಳು ಊರೂರಿಗೆ ಹೋಗಿ ಗುಡಿಯ ಜಗುಲಿಯಲ್ಲಿ, ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಉಳಿದದ್ದೆಲ್ಲ ವಾಟ್ಸಾಪ್. ಮೇಷ್ಟ್ರು ಕಳಿಸಿದ ಹತ್ತು ನಿಮಿಷದ ವಿಡಿಯೋ ಇಳಿಸಿಕೊಳ್ಳಲು ಪಕ್ಕದ ಮನೆಯ ಹುಡುಗ ರಾತ್ರಿ ಹನ್ನೊಂದಕ್ಕೆ ನಮ್ಮ ಮಿದ್ದೆಗೆ ಬರುತ್ತಿದ್ದ. ಅವನ ಹಿಂದೆ ಇನ್ನೂ ಮೂವರು. ಆಗ ನನಗೆ ಈ ಯೋಚನೆ ಬಂತು.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಹಳ್ಳಿಗೆ ತಂತಿಯಿಲ್ಲದೆ ಇಂಟರ್ನೆಟ್ ಕೊಡುವ ಪ್ರಯತ್ನಕ್ಕೆ ನಮ್ಮ ದೇಶದಲ್ಲೇ ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಮದ್ರಾಸ್ ಐಐಟಿಯ ಪ್ರೊಫೆಸರ್ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ಕಾರ್‌ಡೆಕ್ಟ್ ಎಂಬ ಉಪಕರಣ ಮಾಡಿ ತಮಿಳುನಾಡಿನ ಹಳ್ಳಿಗಳಿಗೆ ಕೊಟ್ಟಿತ್ತು. ಆಮೇಲೆ ಮಾಮೂಲಿ ವೈಫೈ ಉಪಕರಣಕ್ಕೇ ದೊಡ್ಡ ಆಂಟೆನಾ ಹಾಕಿ ದೂರಕ್ಕೆ ಕಳಿಸುವುದನ್ನು ಕಾನ್ಪುರ ಐಐಟಿಯವರು ಮಾಡಿ ತೋರಿಸಿದರು. ವೆನೆಜುವೆಲಾ ದೇಶದಲ್ಲಿ ಎರ್ಮಾನ್ನೊ ಪಿಯೆಟ್ರೊಸೆಮೊಲಿ ಎಂಬವರು 2007ರಲ್ಲಿ ಎರಡು ಬೆಟ್ಟಗಳ ನಡುವೆ 382 ಕಿಲೋಮೀಟರ್ ದೂರಕ್ಕೆ ವೈಫೈ ಹಾಯಿಸಿದರು. ನಮ್ಮ ತುಮಕೂರು ಜಿಲ್ಲೆಯಲ್ಲೇ ದೇವರಾಯನದುರ್ಗದ ಹತ್ತಿರ ದುರ್ಗದಹಳ್ಳಿಯಲ್ಲಿ ಜನಸ್ತು ಎಂಬ ಸಂಸ್ಥೆಯವರು ಊರಿನವರದೇ ಆದ ಜಾಲ ಕಟ್ಟಿದ್ದಾರೆ. ಅಂಥಲ್ಲೆಲ್ಲ ಆಗಿದ್ದು ಮುಳಬಾಗಿಲಿನಿಂದ ಕುರುಡುಮಲೆಗೆ ಯಾಕಾಗಬಾರದು ಅನ್ನಿಸಿತು.

ಇದಕ್ಕೆ ಕಾನೂನಿನ ಕಡೆಯಿಂದ ಒಂದು ಅನುಕೂಲವಿತ್ತು. ರೇಡಿಯೋ ತರಂಗ ಸರ್ಕಾರದ ಸ್ವತ್ತು, ಲೈಸೆನ್ಸ್ ಇಲ್ಲದೆ ಯಾರೂ ಬಳಸುವಂತಿಲ್ಲ. ಆದರೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು 2018ರ ಅಕ್ಟೋಬರ್‌ನಲ್ಲಿ ಎಲ್ಲರ ಬಳಕೆಗೆ ಬಿಟ್ಟರು. ಇಷ್ಟು ಶಕ್ತಿ ಮೀರಬಾರದು ಎಂಬ ಮಿತಿಯಿದೆ, ಅಷ್ಟೇ. ಗೋಮಾಳ ಇದ್ದ ಹಾಗೆ. ಯಾರ ದನ ಬೇಕಾದರೂ ಮೇಯಬಹುದು, ಆದರೆ ನನ್ನದು ಅಂತ ಬೇಲಿ ಹಾಕುವಂತಿಲ್ಲ.

ತರಂಗ ಪುಕ್ಕಟೆ ಅಂದ ಮಾತ್ರಕ್ಕೆ ವ್ಯಾಪಾರ ಪುಕ್ಕಟೆ ಅಲ್ಲ ಎಂಬುದು ನನಗೆ ತಡವಾಗಿ ಗೊತ್ತಾಯಿತು. ಮೊದಲು ನಾನು ಮಾಡಿದ್ದು ತಪ್ಪು ಕೆಲಸ, ಮಕ್ಕಳ ಮುಂದೆಯೇ ಹೇಳಿಬಿಡುತ್ತೇನೆ. ಮುಳಬಾಗಿಲಿನ ಪರಿಚಯದವರ ಮನೆಯಲ್ಲಿ ನನ್ನ ಹೆಸರಿನಲ್ಲಿ ಒಂದು ಫೈಬರ್ ಕನೆಕ್ಷನ್ ತೆಗೆದುಕೊಂಡು, ಅದನ್ನೇ ಊರಿಗೆ ಹಾಯಿಸಿ, ಆರು ಮನೆಗೆ ಹಂಚಿ, ಖರ್ಚು ಹಂಚಿಕೊಂಡೆವು. ಎರಡು ತಿಂಗಳಾದ ಮೇಲೆ ಈ ವಿಷಯ ಗೊತ್ತಿರುವ ಸಹೋದ್ಯೋಗಿಯೊಬ್ಬರು "ಆ ಆರು ಮನೆಯಲ್ಲಿ ಯಾರಾದರೂ ಏನಾದರೂ ಎಡವಟ್ಟು ಮಾಡಿದರೆ ಪೊಲೀಸರು ಯಾರ ಮನೆಗೆ ಬರುತ್ತಾರೆ?" ಎಂದು ಕೇಳಿದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಇಂಟರ್ನೆಟ್ ಮಾರಲು ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಅದರಲ್ಲಿ ಎ ಅಂದರೆ ಇಡೀ ದೇಶಕ್ಕೆ, ಬಿ ಅಂದರೆ ಒಂದು ರಾಜ್ಯದಷ್ಟು ವಲಯಕ್ಕೆ, ಸಿ ಅಂದರೆ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ. ಸಿ ದರ್ಜೆಯದು ಸಣ್ಣವರಿಗೂ ಕೈಗೆಟುಕುತ್ತದೆ, ಆದರೆ ಬ್ಯಾಂಕ್ ಗ್ಯಾರಂಟಿ, ಲೆಕ್ಕಪತ್ರ, ಯಾರು ಯಾವಾಗ ಬಳಸಿದರು ಎಂಬ ದಾಖಲೆ, ಎಲ್ಲ ಬೇಕು. ಸಂಬಳದ ಕೆಲಸ ಬಿಡದೆ ಅದು ನನ್ನಿಂದ ಆಗುವಂತಿರಲಿಲ್ಲ. ಹಾಗಾಗಿ ಲೈಸೆನ್ಸ್ ಇದ್ದ ಒಂದು ಕಂಪನಿಯ ಜೊತೆ ಕರಾರು ಮಾಡಿಕೊಂಡು ಅವರ ಫ್ರಾಂಚೈಸಿ ಆದೆ. ಪ್ರತಿ ಮನೆಯವರಿಂದ ಆಧಾರ್ ನಕಲು, ಫೋಟೋ, ಸಹಿ ಹಾಕಿದ ಅರ್ಜಿ ತೆಗೆದುಕೊಂಡೆ. "ನಮ್ಮ ಮನೆ ನಿನಗೆ ಗೊತ್ತಿಲ್ವೇನಪ್ಪ, ಆಧಾರ್ ಯಾಕೆ" ಅಂತ ನಮ್ಮ ಚಿಕ್ಕಪ್ಪನೇ ಜಗಳ ಮಾಡಿದರು.

ಇನ್ನು ಕೆಲಸ ಹೇಗೆ ನಡೆಯುತ್ತದೆ ಎಂಬುದು. ಈ ರೇಡಿಯೋಗೆ ಒಂದು ಆಂಟೆನಾದಿಂದ ಇನ್ನೊಂದು ಆಂಟೆನಾ ಕಾಣಬೇಕು. ಮುಳಬಾಗಿಲಿನ ಆ ಮನೆಯಿಂದ ನಮ್ಮ ಊರು ನೇರ ಕಾಣುವುದಿಲ್ಲ. ನಡುವೆ ಒಂದು ದಿಬ್ಬದ ಮೇಲೆ ತೋಟದ ಮನೆಯೊಂದಿದೆ, ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಆ ಮನೆಯ ಯಜಮಾನರನ್ನು ಕೇಳಿದೆ. "ಕಂಬ ನಿಲ್ಲಿಸ್ಕೊ, ನಮಗೂ ಒಂದು ಲೈನ್ ಕೊಡು" ಅಂದರು. ಬಾಡಿಗೆ ಅಷ್ಟೇ. ನಮ್ಮ ಬೆಟ್ಟದ ಮೇಲೆ ಕಂಬ ಹಾಕಬಹುದಲ್ಲ ಎಂದು ಕೆಲವರು ಹೇಳಿದರು. ಅಲ್ಲಿ ಕರೆಂಟ್ ಇಲ್ಲ, ಕೋತಿಗಳಿವೆ. ಗುಡಿಗಳ ಹತ್ತಿರ ಕಬ್ಬಿಣ ನಿಲ್ಲಿಸುವ ಯೋಚನೆಯೇ ಬೇಡ ಎಂದು ಹಿರಿಯರು ಹೇಳಿದ್ದು ಸರಿಯಾಗಿತ್ತು. ಸೋಮೇಶ್ವರನ ಗುಡಿಯ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಅವನ ಮಗ ಡಂಕಣಾಚಾರಿಯದು ಎಂದು ಕೇಳಿ ಬೆಳೆದವರು ನಾವು. ಅದರ ಪಕ್ಕ ನನ್ನ ಜಿಐ ಪೈಪು ಚೆನ್ನಾಗಿ ಕಾಣುತ್ತಿರಲಿಲ್ಲ.

ಆಂಟೆನಾ ಎದುರುಬದುರು ತಿರುಗಿಸುವುದು ಒಂದು ಮಜಾ. ದಿಬ್ಬದ ಮೇಲಿನಿಂದ ನೋಡಿದರೆ ಮುಳಬಾಗಿಲಿನ ಮನೆಗಳೆಲ್ಲ ಒಂದೇ ತರ ಕಾಣುತ್ತವೆ. ಅಲ್ಲಿದ್ದ ಗೆಳೆಯ ಮನೆಯ ಕನ್ನಡಿ ತಂದು ಬಿಸಿಲು ನಮ್ಮ ಕಡೆ ಹೊಡೆದ. ಆ ಮಿಂಚು ಕಂಡ ಕಡೆಗೆ ಆಂಟೆನಾ ತಿರುಗಿಸಿದೆವು. ಲಕ್ಷಾಂತರ ರೂಪಾಯಿಯ ಸಲಕರಣೆ ಬೇಕಾದ ಕಡೆ ಒಂದು ಮುಖ ನೋಡುವ ಕನ್ನಡಿ ಕೆಲಸ ಮಾಡಿತು.

ಆದರೆ ಕಣ್ಣಿಗೆ ಕಂಡರೆ ಸಾಲದು. ರೇಡಿಯೋ ತರಂಗ ದಾರ ಎಳೆದ ಹಾಗೆ ಹೋಗುವುದಿಲ್ಲ, ನಡುವಿನಲ್ಲಿ ಸೌತೆಕಾಯಿಯ ಹಾಗೆ ಉಬ್ಬಿಕೊಂಡು ಹೋಗುತ್ತದೆ. ಆರು ಕಿಲೋಮೀಟರ್ ದೂರಕ್ಕೆ ಈ ಉಬ್ಬು ಮಧ್ಯದಲ್ಲಿ ಸುತ್ತಲೂ ಎಂಟೊಂಬತ್ತು ಮೀಟರ್ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ ಇರಬೇಕು. ಇದನ್ನು ನಾನು ಬಿಇಯಲ್ಲಿ ಓದಿ ಪಾಸಾಗಿದ್ದೆ, ಅರ್ಥವಾದದ್ದು ನೀಲಗಿರಿ ತೋಪಿನಿಂದ. ದಿಬ್ಬಕ್ಕೂ ಊರಿಗೂ ನಡುವೆ ಒಂದು ನೀಲಗಿರಿ ತೋಪಿದೆ. ನಾವು ಕಂಬ ಹಾಕಿದಾಗ ಕಡಿದು ಹೊಸದಾಗಿ ಚಿಗುರಿದ ಗಿಡ, ಮೊಣಕಾಲುದ್ದ. ನೀಲಗಿರಿ ಹೇಗೆ ಬೆಳೆಯುತ್ತದೆ ಎಂದು ಕೋಲಾರ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಮೊದಲ ವರ್ಷ ಮೈನಸ್ 58 ಇದ್ದ ಸಿಗ್ನಲ್ ಮೂರನೇ ವರ್ಷಕ್ಕೆ ಮೈನಸ್ 70 ದಾಟಿತು. ಈ ಲೆಕ್ಕದಲ್ಲಿ ಹತ್ತು ಅಂಕ ಇಳಿದರೆ ಬರುವ ಶಕ್ತಿ ಹತ್ತರಲ್ಲಿ ಒಂದು ಭಾಗ ಆಯಿತು ಎಂದರ್ಥ. ಮಳೆ ಬಂದು ಎಲೆ ನೆಂದರೆ ಇನ್ನೂ ಕಡಿಮೆ. ಹಾಲಿನ ಡೇರಿಯ ಹತ್ತಿರ ಒಬ್ಬ ಅಜ್ಜಿ "ಏನಪ್ಪಾ, ನಿನ್ನ ನೆಟ್ಟು ಮಳೆಗೆ ನೆಂದುಹೋಯ್ತಾ?" ಅಂತ ಕೇಳಿದರು. ಎಲ್ಲರೂ ನಕ್ಕರು. ಅಜ್ಜಿ ಹೇಳಿದ್ದೇ ಸರಿ.

ಊರೊಳಗೆ ಇನ್ನೊಂದು ಸಮಸ್ಯೆ. ಒಂದು ಕಂಬದ ಕಡೆ ನಲವತ್ತು ಮನೆಯ ಪೆಟ್ಟಿಗೆಗಳು ನೋಡುತ್ತಿರುತ್ತವೆ. ಆ ಮನೆಗಳು ಕಂಬಕ್ಕೆ ಕೇಳಿಸುತ್ತವೆ, ಒಂದಕ್ಕೊಂದು ಕೇಳಿಸುವುದಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಮಾತಾಡಿ ಗದ್ದಲ ಆಗುತ್ತದೆ, ಕಂಬಕ್ಕೆ ಏನೂ ತಿಳಿಯುವುದಿಲ್ಲ. ನಮ್ಮ ಎಂಟನೇ ತರಗತಿಯ ಹಾಗೆ. ಅದಕ್ಕೆ ಮದ್ದು ಮೇಷ್ಟ್ರು ಮಾಡುತ್ತಿದ್ದುದೇ, ಹಾಜರಿ. ಕಂಬವೇ ಒಬ್ಬೊಬ್ಬರ ಹೆಸರು ಕರೆಯುತ್ತದೆ, ಕರೆದವರು ಮಾತ್ರ ಮಾತಾಡಬೇಕು. ಸೆಕೆಂಡಿಗೆ ನೂರಾರು ಸಲ ಹೀಗೆ ಹಾಜರಿ ಕರೆಯುವಂತೆ ಉಪಕರಣದಲ್ಲಿ ವ್ಯವಸ್ಥೆ ಮಾಡಿದ ದಿನದಿಂದ ಸಂಜೆ ಎಂಟು ಗಂಟೆಯ ದೂರುಗಳು ಅರ್ಧ ಕಡಿಮೆಯಾದವು.

ಹಣದ ಲೆಕ್ಕವನ್ನೂ ಹೇಳುತ್ತೇನೆ, ಯಾಕೆಂದರೆ ಊರಿನಲ್ಲಿ ಕೆಲವರಿಗೆ ನಾನು ಇದರಲ್ಲಿ ದುಡ್ಡು ಮಾಡಿದೆ ಎಂಬ ಅನುಮಾನ ಇದೆ. ಶುರುವಿಗೆ ನನ್ನ ಉಳಿತಾಯದಿಂದ ಎರಡು ಲಕ್ಷ ಹತ್ತು ಸಾವಿರ ಹೋಯಿತು. ಹೆಚ್ಚು ಮನೆಗಳಿದ್ದಾಗ 46, ತಿಂಗಳಿಗೆ 350 ರೂಪಾಯಿ, ಅಂದರೆ 16,100. ಅದರಲ್ಲಿ ಜಿಎಸ್‌ಟಿ ಶೇಕಡಾ 18 ತೆಗೆದರೆ ಉಳಿಯುವುದು ಸುಮಾರು ಹದಿಮೂರೂವರೆ ಸಾವಿರ. ಕಂಪನಿಯ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಆರೂವರೆ ಸಾವಿರದಲ್ಲಿ ಕಂಬ ಹತ್ತುವ ಹುಡುಗರಿಗೆ ಮೂರು ಸಾವಿರ, ಕರೆಂಟಿಗೆ ಒಂದು ಸಾವಿರ, ಬ್ಯಾಟರಿ ಮತ್ತು ಸುಟ್ಟುಹೋಗುವ ಪೆಟ್ಟಿಗೆಗಳಿಗೆ ಒಂದೂವರೆ ಸಾವಿರ ಎತ್ತಿಡಬೇಕು. ಮಿಕ್ಕಿದ್ದು ಪೆಟ್ರೋಲಿಗೆ. ದೊಡ್ಡ ಕಂಪನಿಗಳು ಹಳ್ಳಿಗೆ ಯಾಕೆ ಬೇಗ ಬರುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆದರೂ ಮೊದಲ ಎರಡು ವರ್ಷ ನನಗೆ ಹೆಮ್ಮೆ ಇತ್ತು. ಮಕ್ಕಳು ಪಾಠ ನೋಡಿದರು. ವಡ್ಡಹಳ್ಳಿ ಮಾರುಕಟ್ಟೆಯ ಟೊಮೇಟೊ ದರ ಬೆಳಗ್ಗೆಯೇ ತೋಟದಲ್ಲಿ ಗೊತ್ತಾಗುತ್ತಿತ್ತು. ಬೆಂಗಳೂರಿನಲ್ಲಿ ಗೆಳೆಯರು ಕೇಳಿದರೆ ಹಳ್ಳಿಗೆ ಇಂಟರ್ನೆಟ್ ಕೊಟ್ಟವನು ಅಂತ ಹೇಳಿಕೊಳ್ಳುತ್ತಿದ್ದೆ. 2022ರಲ್ಲಿ ಆ ಹೆಮ್ಮೆ ಇಳಿಯಿತು.

ಅಷ್ಟು ಹೊತ್ತಿಗೆ ಕಂಪನಿ ನಮ್ಮನ್ನು ವಾಪಸ್ ಕರೆದಿತ್ತು. ನಾನು ಬೆಂಗಳೂರಿನಲ್ಲಿದ್ದೆ, ತಿಂಗಳಿಗೆ ಎರಡು ಸಲ ಊರಿಗೆ ಬರುತ್ತಿದ್ದೆ. ನಮ್ಮ ಶಾಲೆಯಲ್ಲೇ ಓದಿದ ಹುಡುಗಿಯೊಬ್ಬಳು ಸಿಇಟಿ ಬರೆದಿದ್ದಳು, ಒಳ್ಳೆಯ ರ್‍ಯಾಂಕ್ ಬಂದಿತ್ತು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಆನ್‌ಲೈನಿನಲ್ಲಿ ಆಪ್ಷನ್ ತುಂಬಬೇಕು. ಅವಳು ಮೊದಲೇ ತುಂಬಿದ್ದಳು. ಕೊನೆಯ ದಿನದ ಹಿಂದಿನ ಸಂಜೆ ಅವಳಿಗೆ ಪಾಠ ಮಾಡಿದ ಉಪನ್ಯಾಸಕರೊಬ್ಬರು ಫೋನಿನಲ್ಲಿ ಆ ಕ್ರಮ ಸರಿಯಿಲ್ಲ, ಬದಲಾಯಿಸು ಎಂದು ಹೇಳಿ, ಹೇಗೆ ಎಂದು ಬಿಡಿಸಿ ಹೇಳಿದರು. ಊಟ ಮಾಡಿ ಕೂತು ಬದಲಾಯಿಸೋಣ ಅಂದುಕೊಂಡರು. ರಾತ್ರಿ ಎಂಟೂವರೆಗೆ ಕರೆಂಟ್ ಹೋಯಿತು. ಕರೆಂಟ್ ಹೋದರೆ ದಿಬ್ಬದ ಮೇಲಿನ ಬ್ಯಾಟರಿ ಎಂಟು ಗಂಟೆ ನಡೆಸಬೇಕು. ಹತ್ತು ನಿಮಿಷ ನಡೆಸಿತು. ಆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಏಳು ತಿಂಗಳಾಗಿತ್ತು. ಒಳಗಿನ ಪ್ಲೇಟುಗಳು ಒಣಗಿ ಬಿಳಿಚಿಕೊಂಡಿದ್ದವು. ನೋಡಬೇಕಾದವನು ನಾನು.

ಅವರು ನನಗೆ ಫೋನ್ ಮಾಡಿದರು. ನನ್ನ ಫೋನ್ ಸೈಲೆಂಟಿನಲ್ಲಿತ್ತು. ಬೆಳಗ್ಗೆ ಆ ಹುಡುಗಿಯನ್ನು ಅವರಪ್ಪ ಸ್ಕೂಟರಿನಲ್ಲಿ ಮುಳಬಾಗಿಲಿಗೆ ಕರೆದುಕೊಂಡು ಹೋದರು. ಸೈಬರ್ ಅಂಗಡಿ ತೆಗೆಯುವ ತನಕ ಕಾದು, ಅಲ್ಲಿ ಮುಂದಿದ್ದವರು ಮುಗಿಸುವ ತನಕ ಕಾದು, ಅವಳ ಸರದಿ ಬರುವ ಹೊತ್ತಿಗೆ ಗಡುವು ಮುಗಿದಿತ್ತು. ಹಳೆಯ ಕ್ರಮದಲ್ಲೇ ಸೀಟು ಬಂತು.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅವಳ ಅಮ್ಮ ಕಾಫಿ ಕೊಟ್ಟರು. ಅವರಪ್ಪ ಹೇಳಿದ್ದು ಇಷ್ಟು: "ನಿನ್ನ ನೆಟ್ಟು ಇಲ್ದಿದ್ರೆ ನಾವು ಹಿಂದಿನ ದಿನಾನೇ ಮುಳಬಾಗಿಲಿಗೆ ಹೋಗಿ ಕೆಲಸ ಮುಗಿಸ್ಕೊಂಡು ಬತ್ತಿದ್ವಿ ಕಣಪ್ಪ. ಐತಲ್ಲ ಅಂತ ನಂಬ್ಕೊಂಡ್ವಿ."

ಆ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ. ಇಂಟರ್ನೆಟ್ ಇಲ್ಲದಿದ್ದಾಗ ಊರಿನವರು ಅದಿಲ್ಲದೆ ಬದುಕುವ ದಾರಿ ಮಾಡಿಕೊಂಡಿದ್ದರು. ಹೊತ್ತಿಗೆ ಮುಂಚೆ ಹೊರಡುತ್ತಿದ್ದರು, ಕಾಗದ ಜೊತೆಗಿಟ್ಟುಕೊಳ್ಳುತ್ತಿದ್ದರು, ಯಾರನ್ನಾದರೂ ಕೇಳುತ್ತಿದ್ದರು. ನಾನು ಬಂದು ಆ ಅಭ್ಯಾಸ ಬಿಡಿಸಿದೆ. ಬಿಡಿಸಿದ ಮೇಲೆ ಬ್ಯಾಟರಿಗೆ ನೀರು ಹಾಕುವುದನ್ನು ಮರೆತೆ.

ಆಮೇಲೆ ಹುಡುಕಿ ಓದಿದೆ. ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯವರು ಹಳ್ಳಿಯ ಕೇಂದ್ರಗಳಿಗೆ ಇಂಥದ್ದೇ ವೈಫೈ ಜಾಲ ಹಾಕಿಸಿದ್ದರು. ಹಳ್ಳಿಯಲ್ಲಿ ಕೂತ ರೋಗಿಯನ್ನು ಡಾಕ್ಟರು ತೇನಿಯಿಂದ ವಿಡಿಯೋದಲ್ಲಿ ನೋಡುತ್ತಿದ್ದರು. ಅದನ್ನು ಕಟ್ಟಿದ ಬರ್ಕ್‌ಲಿ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಒಂದು ಪ್ರಬಂಧ ಬರೆದಿದೆ, ಇಂಥ ಜಾಲಗಳನ್ನು ಜೀವಂತವಾಗಿ ಇಟ್ಟುಕೊಳ್ಳುವುದರ ಬಗ್ಗೆ. ದೂರಕ್ಕೆ ಸಿಗ್ನಲ್ ಕಳಿಸುವ ಕಷ್ಟವನ್ನು ಅವರು ಬಗೆಹರಿಸಿಕೊಂಡಿದ್ದರು. ಆಮೇಲೆ ಕಾಡಿದ್ದು ಕೆಟ್ಟ ಕರೆಂಟು, ಮತ್ತು ಕೆಟ್ಟಾಗ ಏನಾಗಿದೆ ಎಂದು ನೋಡಿ ಸರಿಮಾಡಬಲ್ಲ ಜನ ಸ್ಥಳದಲ್ಲಿ ಇಲ್ಲದಿರುವುದು. ಅದನ್ನು ಮೊದಲೇ ಓದಿದ್ದರೆ ಎಂದು ಅನ್ನಿಸಿತು. ಓದಿದ್ದರೂ ಬೇರೆಯವರ ಕಥೆ ಅಂದುಕೊಳ್ಳುತ್ತಿದ್ದೆನೋ ಏನೋ.

ಅಲ್ಲಿಂದ ಕೆಲಸದ ರೀತಿ ಬದಲಾಯಿತು. ಊರಿನ ಇಬ್ಬರು ಹುಡುಗರಿಗೆ, ಇಬ್ಬರೂ ಈ ಶಾಲೆಯವರೇ, ಒಬ್ಬ ಐಟಿಐ ಮಾಡಿದವನು, ಎಲ್ಲ ಕಲಿಸಿದೆ. ಪಾಸ್‌ವರ್ಡ್ ಕೂಡ ಕೊಟ್ಟೆ. ಇದು ಸುಲಭ ಅನ್ನಿಸಬಹುದು, ಆದರೆ ಎಂಜಿನಿಯರಿಗೆ ಪಾಸ್‌ವರ್ಡ್ ಕೊಡುವುದು ಹೆಣ್ಣು ಒಪ್ಪಿಸಿ ಕೊಟ್ಟಷ್ಟು ಕಷ್ಟ. ಬ್ಯಾಟರಿಯ ವೋಲ್ಟೇಜ್ ಇಳಿದರೆ ಮೂವರ ಫೋನಿಗೂ ಸಂದೇಶ ಬರುವಂತೆ ಮಾಡಿದೆವು. ಇದ್ದಿಲು, ಉಪ್ಪು ಹಾಕಿ ಅರ್ತಿಂಗ್ ಗುಂಡಿ ಸರಿಯಾಗಿ ತೋಡಿದೆವು. ಅದಕ್ಕೆ ಮುಂಚೆ ಪ್ರತಿ ಏಪ್ರಿಲ್ ಮೇ ಗುಡುಗಿಗೆ ಒಂದೆರಡು ಪೆಟ್ಟಿಗೆ ಸುಡುತ್ತಿದ್ದವು. ದಿಬ್ಬದ ಮೇಲೆ ಎರಡನೇ ಬ್ಯಾಟರಿ ಇಟ್ಟೆವು. ಪ್ರತಿ ತಿಂಗಳ ಮೊದಲ ಭಾನುವಾರ ನೀರು ಹಾಕುವ ದಿನ, ಹಾಕಿದವರು ಗೋಡೆಯ ಮೇಲೆ ತಾರೀಕು ಬರೆದು ಸಹಿ ಮಾಡಬೇಕು. ಡೇರಿಯ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿ, ನೆಟ್ ಯಾಕೆ ಇಲ್ಲ, ಯಾವಾಗ ಬರುತ್ತದೆ ಎಂದು ಬರೆಯುವ ಪದ್ಧತಿ ಮಾಡಿದೆವು. ಎಲ್ಲಕ್ಕಿಂತ ಉಪಯೋಗವಾದದ್ದು ಆ ಹಲಗೆ. "ನಾಳೆ ಮಧ್ಯಾಹ್ನದವರೆಗೆ ಇಲ್ಲ" ಎಂದು ಬರೆದಿದ್ದರೆ ಜನ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಯಾರೂ ಬೈಯುವುದಿಲ್ಲ.

2023ರ ಜುಲೈನಲ್ಲಿ ಟೊಮೇಟೊ ಬೆಲೆ ಏರಿ, 15 ಕಿಲೋ ಬಾಕ್ಸು ಎರಡು ಸಾವಿರ ದಾಟಿದಾಗ, ತೋಟಕ್ಕೆ ಕ್ಯಾಮೆರಾ ಹಾಕಿ ನೆಟ್ ಕೊಡು ಎಂದು ಒಂದೇ ವಾರದಲ್ಲಿ ಏಳು ಜನ ಕೇಳಿದರು. ಕೊಟ್ಟೆವು. ಬೆಲೆ ಇಳಿದ ಮೇಲೆ ಐವರು ವಾಪಸ್ ಮಾಡಿದರು. ಅದೂ ಸರಿಯೇ.

ಕಳೆದ ವರ್ಷ ಊರಿನ ಮುಖ್ಯ ಬೀದಿಗೆ ಫೈಬರ್ ಬಂತು. ಹೊಟ್ಟೆಯುರಿ ಆಗಲಿಲ್ಲವೇ ಎಂದರೆ, ಒಂದು ವಾರ ಆಯಿತು. ಆಮೇಲೆ ಕೇಳಿದವರಿಗೆಲ್ಲ ಹಾಕಿಸಿಕೊಳ್ಳಿ ಎಂದೇ ಹೇಳಿದೆ. ಗಾಜಿನ ಎಳೆಗೆ ನೀಲಗಿರಿ ಅಡ್ಡ ಬರುವುದಿಲ್ಲ, ಮಳೆ ಅಡ್ಡ ಬರುವುದಿಲ್ಲ. ನಮ್ಮ ಮನೆಗೂ ಹಾಕಿಸಿದೆ, ಅಮ್ಮನಿಗೆ ಧಾರಾವಾಹಿ ನಿಲ್ಲದೆ ಬರುತ್ತದೆ. 46 ಮನೆಯಲ್ಲಿ 27 ಮನೆ ಬಿಟ್ಟು ಹೋದವು. ಉಳಿದ 19 ಎಲ್ಲ ತೋಟದ ಮನೆಗಳು, ಒಂದೊಂದು ಒಂದೊಂದು ದಿಕ್ಕಿಗೆ. ಅಲ್ಲಿಗೆ ಒಂದು ಮನೆಗೋಸ್ಕರ ಒಂದು ಕಿಲೋಮೀಟರ್ ಫೈಬರ್ ಯಾರೂ ಎಳೆಯುವುದಿಲ್ಲ. ಕಂಪನಿಯವರ ಜೊತೆ ಮಾತಾಡಿ, ಈಗ ಊರಿಗೆ ಬಂದ ಫೈಬರಿನಿಂದಲೇ ನಮ್ಮ ಕಂಬಕ್ಕೆ ಸಂಪರ್ಕ ತೆಗೆದುಕೊಂಡಿದ್ದೇವೆ. ದಿಬ್ಬದ ಮೇಲಿನ ಹಳೆಯ ದಾರಿಯನ್ನೂ ಕೀಳದೆ ಇಟ್ಟಿದ್ದೇವೆ, ರಸ್ತೆ ಅಗೆಯುವ ಜೆಸಿಬಿ ಫೈಬರ್ ಕತ್ತರಿಸಿದ ದಿನಕ್ಕೆ. ಇಷ್ಟರಲ್ಲಿ ಮೂರು ಸಲ ಕತ್ತರಿಸಿದೆ. ಆಗ ಬೀದಿಯ ಮನೆಗಳವರೂ ಡೇರಿಯ ಹಲಗೆ ನೋಡಲು ಬರುತ್ತಾರೆ.

19 ಮನೆಗೆ ಲೆಕ್ಕ ಕೂಡುವುದಿಲ್ಲ. ತಿಂಗಳಿಗೆ ಸುಮಾರು ಎರಡು ಸಾವಿರ ನನ್ನ ಕೈಯಿಂದ ಹೋಗುತ್ತಿದೆ. ಎಷ್ಟು ದಿನ ಎಂದು ಹೆಂಡತಿ ಕೇಳುತ್ತಾಳೆ, ಸರಿಯಾದ ಪ್ರಶ್ನೆಯೇ. ಪಂಚಾಯಿತಿಯೋ, ಡೇರಿಯೋ, ತೋಟದವರೇ ಸೇರಿಯೋ ಇದನ್ನು ವಹಿಸಿಕೊಳ್ಳುವುದಾದರೆ ಉಪಕರಣ ಪೂರ್ತಿ ಬಿಟ್ಟುಕೊಡುತ್ತೇನೆ, ಹುಡುಗರಿಬ್ಬರೂ ಇರುತ್ತಾರೆ. ಈ ಸಭೆಯಲ್ಲಿ ಸಂಬಂಧಪಟ್ಟವರು ಇದ್ದಾರೆ, ಊಟದ ಹೊತ್ತಿಗೆ ಮಾತಾಡೋಣ. ನಿಲ್ಲಿಸಬೇಕಾಗಿ ಬಂದರೆ ಮೂರು ತಿಂಗಳು ಮುಂಚೆ ಹಲಗೆಯ ಮೇಲೆ ಬರೆಯುತ್ತೇನೆ.

ಆ ಹುಡುಗಿ ಈಗ ಎಂಜಿನಿಯರಿಂಗ್ ಮುಗಿಸುವ ಹಂತದಲ್ಲಿದ್ದಾಳೆ. ಬೇಕಾಗಿದ್ದ ಕಾಲೇಜಲ್ಲ. ರಜೆಯಲ್ಲಿ ಬಂದಾಗ ದಿಬ್ಬಕ್ಕೆ ಬಂದಿದ್ದಳು, ಗೋಡೆಯ ಮೇಲಿನ ತಾರೀಕುಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಓದಿದಳು. ಒಂದು ತಿಂಗಳು ಬಿಟ್ಟುಹೋಗಿತ್ತು, ಅದನ್ನು ಬೆರಳಿಟ್ಟು ತೋರಿಸಿದಳು.

ಮಕ್ಕಳೇ, ಬರುವ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಾವು ದಿಬ್ಬದ ಮೇಲಿರುತ್ತೇವೆ. ಒಂಬತ್ತನೇ ತರಗತಿಯವರು ನೋಡಲು ಬರಬಹುದು, ಮೇಷ್ಟ್ರ ಒಪ್ಪಿಗೆ ಕೇಳಿದ್ದೇನೆ. ಮನೆಯಲ್ಲಿ ಹೇಳಿ ಬನ್ನಿ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಬ್ಯಾಟರಿಯ ಆಸಿಡ್ ಬಿದ್ದರೆ ತೂತಾಗುತ್ತದೆ. ಕಂಬ ಹತ್ತುವುದು ಮಾತ್ರ ನಮ್ಮ ಹುಡುಗರೇ, ನೀವು ಕೆಳಗೆ ನಿಂತು ಕನ್ನಡಿ ಹಿಡಿಯಬಹುದು.